ಕರಡಿ ಹೇಳಬೇಕಾದ ನಾಲ್ಕು ಸಾಲು

ಬುಧವಾರ, ಹನ್ನೊಂದನೇ ತಾರೀಖು
ಬಸ್ ನಿಲ್ದಾಣದ ಘೋಷಣಾ ಕೊಠಡಿ, ಮಧ್ಯಾಹ್ನದ ಬಿಡುವು

ಒಂದು ಕಾಲದ ಸಿಡಿಲಿಗೆ, ಈ ಕಾಲದ ಗುರುಗಳಿಗೆ,

ಮುಂದಿನ ಸಾಲಿನಲ್ಲಿ ಪುಕ್ಕಟೆ ಕುಳಿತ ಗಣ್ಯರೇ, ನಡುವಿನ ಸಾಲಿನಲ್ಲಿ ಕಾಲು ಚಾಚಿದ ಮಾನ್ಯರೇ, ದುಡ್ಡು ಕೊಟ್ಟೂ ಗೋಡೆಗೆ ಒರಗಿ ನಿಂತೇ ಇರುವ ಸಾಮಾನ್ಯರೇ! ಇದೋ ನಿಮ್ಮ ಮುಂದೆ ಬರುತ್ತಿದ್ದಾರೆ, ನೂರಾರು ಸಲ ಗೆದ್ದು ಒಂದೇ ಸಲ ಬಿದ್ದ ವೀರರು. ಆ ಒಂದು ಬೀಳುವಿಕೆಯನ್ನೇ ಪಾಠ ಮಾಡಿ ಶಾಲೆ ಕಟ್ಟಿದ ಧೀರರು. ಚಪ್ಪಾಳೆ ಇರಲಿ, ಶಿಳ್ಳೆ ಬರಲಿ, ಕುರ್ಚಿ ಮಾತ್ರ ಯಾರೂ ಎಸೆಯದಿರಲಿ!

ಕೈ ಇನ್ನೂ ತಪ್ಪಿಲ್ಲ ನೋಡು. ಒಂಬತ್ತು ವರ್ಷದಿಂದ ಈ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಷ್ಟು ತಡ ಅಂತ ಹೇಳುತ್ತಿರುವವಳಿಗೆ ಇಷ್ಟಾದರೂ ಉಳಿದಿದೆ. ಇಲ್ಲಿ ಪ್ರಾಸಕ್ಕೆ ಅವಕಾಶವಿಲ್ಲ. ಒಮ್ಮೆ ‘ಬಸ್ಸು ತಡ, ದಯವಿಟ್ಟು ಬೈಯಬೇಡ’ ಅಂದದ್ದಕ್ಕೆ ಮೇಲಿನವರು ಕರೆಸಿ, ಪ್ರಯಾಣಿಕರನ್ನು ಏಕವಚನದಲ್ಲಿ ಕರೆದಿದ್ದಕ್ಕೆ ಲಿಖಿತ ವಿವರಣೆ ಕೇಳಿದರು.

ನಿನ್ನ ಪತ್ರ ಸೋಮವಾರ ಬಂತು. ನಾನು ಮನೆ ಬಿಟ್ಟು ಬಂದ ಮೇಲೆ ನೀನು ಬರೆದ ಮೊದಲ ಪತ್ರ. ಕವರಿನ ಮೇಲಿನ ಅಕ್ಷರ ನೋಡಿಯೇ ಗೊತ್ತಾಯಿತು. ಒಂದೊಂದು ಅಕ್ಷರವೂ ಪಕ್ಕದ ಅಕ್ಷರವನ್ನು ನೆಲಕ್ಕೆ ಒತ್ತಿ ಹಿಡಿದ ಹಾಗಿತ್ತು. ಕ್ಷೇಮ ಸಮಾಚಾರ ಇರಬಹುದೆಂದು ಒಡೆದೆ. ನಿನಗೆ ಬೇಕಾಗಿದ್ದದ್ದು ಪದ್ಯ.

ಇಪ್ಪತ್ತೆರಡನೇ ತಾರೀಖು ಭಾನುವಾರ ನಿನ್ನ ಕುಸ್ತಿ ಶಾಲೆಯ ಮೊದಲ ಸಾರ್ವಜನಿಕ ಪ್ರದರ್ಶನ, ಸಂತೋಷ. ಮೈಕು ಹಿಡಿಯಲು ನಾನು ಬರಬೇಕು, ಅದೂ ಇರಲಿ. ಆದರೆ ಮೂರನೇ ಪುಟ ಓದಿದವಳಿಗೆ ಊಟ ಸೇರಲಿಲ್ಲ. ಕಂಪನಿಯಲ್ಲಿ ನಿನ್ನ ಎದುರಾಳಿಯಾಗಿದ್ದ ಕರಡಿಯಣ್ಣ ಕೆಲಸ ಕೇಳಿಕೊಂಡು ನಿನ್ನ ಬಾಗಿಲಿಗೆ ಬಂದನಂತೆ. ಶಿಷ್ಯರಿಗೆ ಬೀಳುವುದನ್ನು ಕಲಿಸುತ್ತೇನೆ ಅಂದನಂತೆ. ಕೆಲಸ ಕೊಡಲು ನೀನು ಒಪ್ಪಿದ್ದೀಯಂತೆ, ಒಂದು ಷರತ್ತಿನ ಮೇಲೆ. ಭಾನುವಾರ ತುಂಬಿದ ಸಭೆಯೆದುರು ಅವನು ಕಣದ ನಡುವೆ ಮಂಡಿಯೂರಿ, ‘ಹನ್ನೊಂದು ವರ್ಷದ ಹಿಂದೆ ಬೇಕೆಂದೇ ನಿನ್ನನ್ನು ಕೆಳಕ್ಕೆ ಬಿಟ್ಟೆ, ಕ್ಷಮಿಸು’ ಅನ್ನಬೇಕು. ಅಂದರೆ ಸೋಮವಾರದಿಂದ ಕೆಲಸ, ಅನ್ನದಿದ್ದರೆ ಗೇಟು. ಅವನು ಒಪ್ಪಿಯೂ ಬಿಟ್ಟ. ಆ ಮಾತನ್ನು ನಾನು ನಾಲ್ಕು ಸಾಲಿನ ಪ್ರಾಸದಲ್ಲಿ ಬರೆದುಕೊಡಬೇಕು. ‘ಜನ ಅಳೋ ಹಾಗಿರ್ಲಿ ಕಣೇ’ ಅಂತ ಬೇರೆ ಬರೆದಿದ್ದೀಯ.

ನಾಲ್ಕು ಸಾಲು ನನಗೆ ನಾಲ್ಕು ನಿಮಿಷದ ಕೆಲಸ. ಮೂರು ದಿನವಾಯಿತು, ಮೊದಲ ಪದ ಬಂದಿಲ್ಲ.

ನಿನ್ನ ಪರಿಚಯಕ್ಕೆಂದು ನೀನು ಕಳಿಸಿದ ವಿವರದ ಪಟ್ಟಿ ನನಗೆ ಬೇಕಿರಲಿಲ್ಲ, ಎಲ್ಲ ಬಾಯಿಪಾಠ. ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವನನ್ನು ನಮ್ಮ ಕುಸ್ತಿ ಕಂಪನಿಯ ಯಜಮಾನರು ಕಂಡರು. ‘ಮೂಟೆ ಎತ್ತಿ ಕೆಳಗಿಟ್ರೆ ಕೂಲಿ, ಮನುಷ್ಯನ್ನ ಎತ್ತಿ ಕೆಳಗೆ ಹಾಕಿದ್ರೆ ಚಪ್ಪಾಳೆ. ಯಾವ್ದು ಬೇಕಪ್ಪಾ?’ ಅಂದರು. ನೀನು ಹಿಟ್ಟು ಕೊಡವಿಕೊಂಡು ಅಲ್ಲಿಂದಲೇ ಅವರ ಹಿಂದೆ ಹೊರಟೆ. ಈ ವಿವರ ನಿನ್ನ ಪಟ್ಟಿಯಲ್ಲಿ ಇಲ್ಲ. ಅದರ ಪ್ರಕಾರ ನೀನು ಹುಟ್ಟು ಪೈಲ್ವಾನ.

ನಾನು ಸೇರಿದ್ದು ಮರುವರ್ಷ. ಬಿ.ಎ.ಯಲ್ಲಿ ಛಂದಸ್ಸಿಗೆ ಒಳ್ಳೆಯ ಅಂಕ ತೆಗೆದಿದ್ದೆ. ಛಂದಸ್ಸು ಗೊತ್ತಿರುವವರು ಬೇಕು ಅಂತ ಯಾವ ಕಚೇರಿಯೂ ಬೋರ್ಡು ಹಾಕಿರಲಿಲ್ಲ. ಯಜಮಾನರಿಗೆ ಮಾತ್ರ ಬೇಕಿತ್ತು. ನೀನು ಕಣಕ್ಕಿಳಿಯುವಾಗ,

ಸಿಡಿದರೆ ಸಿಡಿಲು, ನಡುಗುವುದು ಒಡಲು,
ದಾರಿ ಬಿಡಿ ಎದುರಾಳಿಗೆ ಮನೆ ಕಡೆ ಹೊರಡಲು!

ಎಂದು ಮೊದಲ ಸಲ ಕೂಗಿದಾಗ ನೀನು ಹಗ್ಗ ಹಿಡಿದುಕೊಂಡೇ ತಿರುಗಿ ನನ್ನನ್ನು ನೋಡಿದೆ. ಎದುರಾಳಿಯನ್ನು ಬಿಟ್ಟು ಬೇರೆ ಯಾರನ್ನೋ ನೋಡಿದ್ದಕ್ಕೆ ಯಜಮಾನರು ಆಮೇಲೆ ನಿನಗೆ ಬೈದರು. ಆ ಎದುರಾಳಿ ಕರಡಿಯಣ್ಣ. ಅವನಿಗೂ ಒಂದು ಕಟ್ಟಿದ್ದೆ:

ಕರಡಿ ಬಂತು ಕರಡಿ, ಅಳೋ ಮಕ್ಕಳಿದ್ರೆ ಹೊರಡಿ,
ಒಂದು ಸಲ ಅಪ್ಪಿಕೊಂಡ್ರೆ ಪಕ್ಕೆಲುಬು ಪುಡಿಪುಡಿ!

ಮಕ್ಕಳು ಕಿರುಚುತ್ತಿದ್ದರು, ದೊಡ್ಡವರು ಕಾಗದದ ಉಂಡೆ ಎಸೆಯುತ್ತಿದ್ದರು. ಅವನು ಗುರ್ ಅನ್ನುತ್ತಾ ಅದನ್ನೆಲ್ಲ ಮೈಮೇಲೆ ಹಾಕಿಸಿಕೊಂಡು, ನಿನ್ನ ಕೈಯಲ್ಲಿ ಸೋತು, ಬೈಸಿಕೊಂಡು ಒಳಗೆ ಹೋಗುತ್ತಿದ್ದ. ವಾರಕ್ಕೆ ನಾಲ್ಕು ಆಟ, ಹತ್ತು ವರ್ಷ. ಯಾರು ಗೆಲ್ಲಬೇಕೆನ್ನುವುದು ಟಿಕೆಟ್ ಮಾರುವ ಮೊದಲೇ ನಿಶ್ಚಯವಾಗಿರುತ್ತದೆ ಅಂತ ತಿಳಿದ ದಿನ ನನಗೆ ಬಹಳ ಪಿಚ್ಚೆನ್ನಿಸಿತ್ತು. ಕರಡಿಯಣ್ಣ ನಕ್ಕುಬಿಟ್ಟ. ‘ಪಂಡಿತಮ್ಮಾ, ಗೆಲ್ಲೋದು ಮಾತ್ರ ಸುಳ್ಳು. ಬೀಳೋದು ನಿಜಾನೇ. ಇದು ನಾಟಕ ಅಂತ ನೆಲಕ್ಕೆ ಯಾರು ಹೇಳ್ತಾರೆ?’ ಅಂದ.

ಅವನು ನಿನ್ನನ್ನು ಹೇಗೆ ಹಿಡಿಯುತ್ತಿದ್ದ ಅನ್ನುವುದನ್ನು ನಾನು ಕಣದ ಪಕ್ಕದ ಮೇಜಿನಿಂದ ನೋಡಿದವಳು. ಮೂರನೇ ಸಾಲಿನವರಿಗೆ ಅದು ನಿನ್ನ ಮೂಳೆ ಮುರಿಯುವ ಹಿಡಿತ. ಹತ್ತಿರದಿಂದ ನೋಡಿದರೆ ಒಂದು ಅಂಗೈ ಯಾವಾಗಲೂ ನಿನ್ನ ಕತ್ತಿನ ಕೆಳಗೆ ಇರುತ್ತಿತ್ತು. ಮಲಗಿದ ಮಗುವನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸಾಗಿಸುವವರ ಕೈ ಹಾಗಿರುತ್ತದೆ.

ಯಜಮಾನರ ಕಟ್ಟಪ್ಪಣೆ ನಿನಗೆ ನೆನಪಿರಬೇಕು. ಒಳ್ಳೆಯವನೂ ಕೆಟ್ಟವನೂ ಎಲ್ಲೂ ಜೊತೆಯಾಗಿ ಕಾಣಿಸಬಾರದು. ಕಂಡರೆ ಜನ ದ್ವೇಷ ನಂಬುವುದಿಲ್ಲ, ನಂಬದಿದ್ದರೆ ಟಿಕೆಟ್ ಕೊಳ್ಳುವುದಿಲ್ಲ. ಬೇರೆ ವ್ಯಾನು, ಬೇರೆ ಹೋಟೆಲು, ಕಾರಿಡಾರಿನ ಈ ತುದಿಗೆ ನಿನ್ನ ಕೋಣೆ, ಆ ತುದಿಗೆ ಅವನದು. ಹತ್ತು ವರ್ಷ ಒಬ್ಬರ ಬೆವರು ಇನ್ನೊಬ್ಬರು ಒರೆಸಿಕೊಂಡ ನೀವಿಬ್ಬರು ಒಂದು ಸಲವೂ ಎದುರುಬದುರು ಕೂತು ಟೀ ಕುಡಿಯಲಿಲ್ಲ. ನಮ್ಮ ಮದುವೆಗೂ ಅವನು ಬರುವಂತಿರಲಿಲ್ಲ. ರಿಜಿಸ್ಟ್ರಾರ್ ಕಚೇರಿಯ ಎದುರಿನ ಬಸ್ ಸ್ಟಾಪಿನಲ್ಲಿ ಪೇಪರು ಅಡ್ಡ ಹಿಡಿದು ನಿಂತಿದ್ದ. ನಾವು ಮೆಟ್ಟಿಲಿಳಿದು ಬರುವಾಗ ಪೇಪರು ಒಂದು ಗೇಣು ಕೆಳಗಿಳಿಯಿತು, ಮತ್ತೆ ಮೇಲೇರಿತು. ಅದೇ ಅವನ ಆಶೀರ್ವಾದ.

ಎರಡು ಕೋಣೆಗೂ ಹೋಗಿಬರಬಹುದಾದವಳು ನಾನೊಬ್ಬಳೇ. ಇವತ್ತು ಮೊಣಕಾಲು ನೋವು, ಎಡಗಡೆ ಹಾಕಬೇಡ ಅನ್ನು. ಹೊಸ ಪಟ್ಟು ಎರಡು ಸಲ ಸಾಕು ಅನ್ನು. ಇಂಥವನ್ನೆಲ್ಲ ಆ ತುದಿಯಿಂದ ಈ ತುದಿಗೆ ಒಯ್ಯುವುದು ನನ್ನ ಕೆಲಸ. ಚೀಟಿ ಬರೆಯುವಂತಿಲ್ಲ, ಸಿಕ್ಕಿಬಿಟ್ಟರೆ ಕಷ್ಟ. ಬಾಯಲ್ಲೇ ಒಯ್ಯಬೇಕು. ಆಮೇಲೆ ಗಂಟೆ, ನನ್ನ ಪದ್ಯ, ಕುಸ್ತಿ. ಆಟ ಶುರುವಾಗಿ ಸರಿಯಾಗಿ ಹತ್ತು ನಿಮಿಷಕ್ಕೆ ‘ಹತ್ತು ನಿಮಿಷ!’ ಎಂದು ನಾನು ಕೂಗಬೇಕು. ಜನಕ್ಕೆ ಅದು ಸಮಯ, ನಿಮಗೆ ಅದು ಮುಗಿಸುವ ಸೂಚನೆ.

ಇನ್ನು ಹನ್ನೊಂದು ವರ್ಷದ ಹಿಂದಿನ ಆ ಭಾನುವಾರ ಮಧ್ಯಾಹ್ನದ ಆಟ. ಇದನ್ನು ನೀನು ಪ್ರತಿ ಹೊಸ ಶಿಷ್ಯನಿಗೂ ಮೊದಲ ಪಾಠವಾಗಿ ಹೇಳುತ್ತೀಯಂತೆ. ನಿನ್ನ ಶಾಲೆಯ ಹುಡುಗಿಯೊಬ್ಬಳು ಮೂರನೇ ಪ್ಲಾಟ್‌ಫಾರಂನಲ್ಲಿ ಬಸ್ಸಿಗೆ ಕಾಯುತ್ತಾಳೆ, ಮಣಿಕಟ್ಟಿಗೆ ಪ್ಲಾಸ್ಟರು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಅವಳೇ ಹೇಳಿದಳು, ನಿನ್ನ ದನಿಯಲ್ಲೇ: ‘ನಾನು ಹಗ್ಗಕ್ಕೆ ಬೆನ್ನು ಕೊಟ್ಟು ಚಿಮ್ಮಿ ಓಡಿ ಬಂದೆ. ಅವನ ಬಲ ಭುಜಕ್ಕೆ ಹಾರಿದೆ. ನನ್ನನ್ನ ಹಿಡ್ಕೋಬೇಕಾದವನು ಬಗ್ಗಿಬಿಟ್ಟ. ಕತ್ತು ನೆಲಕ್ಕೆ. ಅದಕ್ಕೇ ಹೇಳ್ತೀನಿ, ಕಣದೊಳಗೆ ಯಾರನ್ನೂ ನಂಬಬೇಡಿ.’

ಆಮೇಲೆ ಗಲ್ಲ ಎದೆಗೆ ಒತ್ತಿ, ಉಸಿರು ಬಿಟ್ಟು, ಅಂಗೈ ಅಗಲಿಸಿ ನೆಲಕ್ಕೆ ಬಡಿದು ಬೀಳುವುದನ್ನು ಕಲಿಸುತ್ತೀಯ. ಚೆನ್ನಾಗಿ ಕಲಿಸುತ್ತೀಯಂತೆ, ಅವಳೇ ಹೇಳಿದಳು. ಒಬ್ಬೊಬ್ಬರ ಬೆನ್ನಿಗೂ ಕೈಕೊಟ್ಟು ನೂರು ಸಲ ಬೀಳಿಸುತ್ತೀಯಂತೆ. ಆದರೆ ಹಿಡಿಯುವವನನ್ನು ನಂಬಬೇಡ ಅಂತ ಮೊದಲೇ ಕಿವಿಗೆ ಹಾಕಿಸಿಕೊಂಡವಳು ಎತ್ತಿದ ಕ್ಷಣವೇ ನೆಲದ ಕಡೆ ಕೈ ಚಾಚುತ್ತಾಳೆ. ಕೈಯೂರಿದರೆ ಮಣಿಕಟ್ಟು ಹೋಗುತ್ತದೆ. ಈ ವರ್ಷ ಅವಳು ಮೂರನೆಯವಳಂತೆ. ಇನ್ನೊಬ್ಬರ ಕೈಗೆ ಕತ್ತು ಒಪ್ಪಿಸಿ ಬದುಕುವ ಕಸುಬಿನಲ್ಲಿ ಅಪನಂಬಿಕೆಯೇ ಮೊದಲ ಪಾಠ. ಭೇಷ್, ಗುರುಗಳೇ.

ನಿನ್ನೆ ಕರಡಿಯಣ್ಣ ಇಲ್ಲಿಗೆ ಬಂದಿದ್ದ. ಹನ್ನೊಂದು ವರ್ಷದ ಮೇಲೆ ನೋಡಿದ್ದು. ಐವತ್ತೆಂಟು ಅವನಿಗೆ, ಕೂದಲೆಲ್ಲ ಹೋಗಿದೆ. ಇನ್ನೂ ಯಾಕೆ ಕರಡಿ ಅನ್ನುತ್ತೀರಿ ಅಂತ ಅವನೇ ತಮಾಷೆ ಮಾಡಿದ. ನಿನ್ನ ಕತ್ತು ಮುರಿದವನೆಂದು ಯಾವ ಕಂಪನಿಯೂ ಅವನನ್ನು ಸೇರಿಸಿಕೊಳ್ಳಲಿಲ್ಲ, ನಿನಗದು ಗೊತ್ತು. ಇಷ್ಟು ವರ್ಷ ಪೀಠೋಪಕರಣದ ಗೋದಾಮಿನಲ್ಲಿ ಬೀರು ಸೋಫಾ ಹೊತ್ತ. ಈಗ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ, ಹೋದ ತಿಂಗಳು ಕೆಲಸ ಬಿಡಿಸಿದರು. ನಾನು ಏನಾದರೂ ಹೇಳಲೆಂದು ಕಾಯುತ್ತಾನೇನೋ ಅಂತ ಹೆದರಿ ಕೂತಿದ್ದೆ. ಅವನು ಬಂದ ಕೆಲಸವೇ ಬೇರೆ. ‘ಪಂಡಿತಮ್ಮಾ, ನಾಲ್ಕು ಸಾಲಿಗಿಂತ ಜಾಸ್ತಿ ಬರೀಬೇಡಿ. ನೆನಪಿರಲ್ಲ. ಸಣ್ಣ ಸಣ್ಣ ಪದ ಹಾಕಿ’ ಅಂದ.

ಹೇಗೆ ಒಪ್ಪಿಕೊಂಡೆ ಅಣ್ಣಾ ಅಂದೆ. ‘ಸೋಲೋದು ನನ್ನ ಕಸುಬಲ್ವೇನಮ್ಮಾ? ಸಾವಿರ ಸಲ ಸೋತಿದ್ದೀನಿ, ಸಾವಿರದ ಒಂದು’ ಅಂದ. ಟೀ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದ.

ಸರಿ. ಜನ ಅಳುವ ಹಾಗಿರಲಿ ಅಂದೆಯಲ್ಲ, ಪ್ರಾಸವಿಲ್ಲದೆ ಬರೆಯುತ್ತೇನೆ.

ಆ ಭಾನುವಾರ ಆಟಕ್ಕೆ ಮುಕ್ಕಾಲು ಗಂಟೆ ಮುಂಚೆ ಕರಡಿಯಣ್ಣ ನನ್ನನ್ನು ಕರೆದು ಅಂಗಿ ಬಿಚ್ಚಿ ಬಲ ಭುಜ ತೋರಿಸಿದ. ಶನಿವಾರದ ಆಟದಲ್ಲಿ ಜಾರಿತ್ತು, ಊದಿಕೊಂಡು ನೀಲಿಗಟ್ಟಿತ್ತು. ಯಜಮಾನರಿಗೆ ಹೇಳಿದರೆ ಆಟದಿಂದಲೇ ತೆಗೆಯುತ್ತಾರೆ ಅನ್ನುವ ಭಯ ಅವನಿಗೆ. ‘ಇವತ್ತು ಎತ್ತೋದು ಬೇಡ ಅನ್ನಿ. ಹತ್ತು ನಿಮಿಷ ಅಂದ ಕೂಡ್ಲೆ ಅವನು ಓಡಿ ಬಂದು ನನ್ನ ಕಾಲಿಗೆ ಕಾಲು ಕೊಡ್ಲಿ, ನಾನು ಬಗ್ಗಿ ಬೀಳ್ತೀನಿ, ಅಲ್ಲಿಗೆ ಮುಗೀತು’ ಅಂದ. ಎರಡು ಸಲ ಹೇಳಿದ. ನನ್ನ ಬಾಯಲ್ಲಿ ಒಂದು ಸಲ ಹೇಳಿಸಿದ.

ಅವನು ನಿನ್ನನ್ನು ಕೆಳಕ್ಕೆ ಬಿಡಲಿಲ್ಲ. ಮಾತಾದ ಹಾಗೆ ಬಗ್ಗಿದ. ಆ ಮಾತು ನಿನ್ನ ಕೋಣೆಗೆ ಬರಲೇ ಇಲ್ಲ. ಗಡಿಬಿಡಿಯಲ್ಲಿ ನಾನು ಹೇಳುವುದನ್ನು ಮರೆತೆ.

ಆಸ್ಪತ್ರೆಯಲ್ಲಿ ಕತ್ತಿನ ಎರಡು ಮೂಳೆ ಸೇರಿಸಿ ಕಂಬಿ ಹಾಕಿದ ಮೇಲೆ ನೀನು ಕೇಳಿದ ಮೊದಲ ಪ್ರಶ್ನೆ ನನಗೆ ನೆನಪಿದೆ. ‘ಅವನು ಏನಾದ್ರೂ ಹೇಳಿ ಕಳಿಸಿದ್ನಾ?’ ಯಜಮಾನರು ಹಾಸಿಗೆಯ ಆ ಪಕ್ಕ ನಿಂತಿದ್ದರು. ಹೇಳಿ ಕಳಿಸಿದ್ದೆ ಅಂತ ಕರಡಿಯಣ್ಣ ಆಗಲೇ ಅವರ ಹತ್ತಿರ ಹೇಳಿದ್ದ. ಇಬ್ಬರೂ ನನ್ನ ಮುಖ ನೋಡಿದಿರಿ. ಇಲ್ಲ ಅಂದೆ. ನನ್ನ ಜೀವನದಲ್ಲಿ ಅದಕ್ಕಿಂತ ಚಿಕ್ಕ ಘೋಷಣೆ ಮಾಡಿಲ್ಲ.

ಕರಡಿಯಣ್ಣ ಆಮೇಲೆ ತುಟಿ ಬಿಚ್ಚಲಿಲ್ಲ. ಅದೇಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಿನ್ನ ಸಿಡುಕು ತಾಳಲಾರದೆ ನಾನು ಮನೆ ಬಿಟ್ಟೆ ಅಂತ ನಿನ್ನ ಅಕ್ಕ ಊರಿಗೆಲ್ಲ ಹೇಳಿಕೊಂಡು ಬಂದಳು. ಸಿಡುಕೇನು, ತಾಳಬಹುದಿತ್ತು. ದಿನಾ ಬೆಳಿಗ್ಗೆ ನಿನ್ನ ಕತ್ತಿಗೆ ಪಟ್ಟಿ ಕಟ್ಟುತ್ತಿದ್ದೆನಲ್ಲ, ಕಟ್ಟಿಸಿಕೊಳ್ಳುತ್ತಾ ನೀನು ಕರಡಿಯನ್ನು ಬೈಯುತ್ತಿದ್ದೆ. ಬೈದು ಮುಗಿಸಿ, ‘ಪ್ರಪಂಚದಲ್ಲಿ ನೀನೊಬ್ಳೇ ಕಣೇ ನಂಗೆ ನಿಜ’ ಅನ್ನುತ್ತಿದ್ದೆ. ಎರಡು ವರ್ಷ ಆ ಮಾತು ಕೇಳಿಕೊಂಡು ಗಂಟು ಹಾಕಿದೆ. ಮೂರನೇ ವರ್ಷ ಒಂದು ಬೆಳಿಗ್ಗೆ ಗಂಟು ಹಾಕದೆ ಎದ್ದು ಹೊರಟೆ.

ಆದ್ದರಿಂದ ಆ ನಾಲ್ಕು ಸಾಲು ನಾನು ಬರೆಯುವುದಿಲ್ಲ. ಭಾನುವಾರ ಬರುತ್ತೇನೆ, ಕಣದೊಳಗೆ ಹತ್ತಿ ಇದನ್ನೇ ಹೇಳುತ್ತೇನೆ. ಹೇಳಬೇಡ ಅನ್ನುವುದಾದರೆ ನನಗೆ ಮೈಕು ಕೊಡಬೇಡ. ಆದರೆ ಅವನಿಗೆ ಕೆಲಸ ಕೊಡು. ಮಂಡಿಯೂರಿಸದೆ ಕೊಡು. ನಿನ್ನ ಶಿಷ್ಯರಿಗೆ ನೀನು ಬೀಳುವುದನ್ನು ಕಲಿಸಬಲ್ಲೆ, ಹಿಡಿಯುವುದನ್ನು ಅವನಷ್ಟು ಬಲ್ಲವರು ಯಾರೂ ಇಲ್ಲ. ನನ್ನ ಬಗ್ಗೆ ಏನು ಬೇಕಾದರೂ ತೀರ್ಮಾನಿಸು. ಮರೆವಿಗೆ ಎಷ್ಟು ಶಿಕ್ಷೆಯೋ ಅಷ್ಟಕ್ಕೂ ತಯಾರಿದ್ದೇನೆ.

ಇಂತಿ,
ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿ,
ಪಂಡಿತಮ್ಮ

ಮರೆತ ಮಾತು: ಶುಕ್ರವಾರ, ಹದಿಮೂರು

ಅಂಚೆಗೆ ಹಾಕುವ ಮೊದಲು ಕರಡಿಯಣ್ಣನಿಗೆ ಒಮ್ಮೆ ಓದಿ ಹೇಳುವುದು ನ್ಯಾಯ ಅನ್ನಿಸಿತು. ಈಗ ತಾನೇ ನಿಲ್ದಾಣದ ಟೀ ಅಂಗಡಿಯಲ್ಲಿ ಓದಿದೆ. ‘ಮರೆತೆ’ ಅನ್ನುವಲ್ಲಿಗೆ ಬಂದಾಗ ತಡೆದ. ‘ಮರೆತ್ರಾ? ನಾನು ನನ್ನ ಬಾಗಿಲಲ್ಲೇ ನಿಂತು ನೋಡ್ತಿದ್ನಲ್ಲಮ್ಮಾ. ನೀವು ಆ ತುದಿ ತನಕ ಹೋದ್ರಿ, ಅವನ ಬಾಗಿಲ ಮೇಲೆ ಕೈ ಇಟ್ರಿ. ಹೇಳೋಕೆ ಹೋದ್ರು ಅಂತ ನಾನು ಒಳಗೆ ಬಂದೆ.’

ನೀನು ವಿಷಯ ತಿಳಿದೂ ಹಟಕ್ಕೆ ಹಾರಿದೆ, ಗಂಡನ ಮರ್ಯಾದೆ ಉಳಿಸಲು ನಾನು ಇಲ್ಲ ಅಂದೆ ಅಂತ ಅವನು ಹನ್ನೊಂದು ವರ್ಷ ನಂಬಿಕೊಂಡಿದ್ದ. ಸಂಸಾರ ಒಡೆಯೋದು ಬೇಡ ಅಂತ ಬಾಯಿ ಮುಚ್ಚಿಕೊಂಡಿದ್ದ. ‘ಹಾಗಾದ್ರೆ ಅವನಿಗೆ ಗೊತ್ತೇ ಇರ್ಲಿಲ್ವಾ?’ ಅಂದ. ಇರಲಿಲ್ಲ ಅಂತ ನಾನು ತಲೆಯಾಡಿಸಿದೆ. ಲೋಟ ಪಕ್ಕಕ್ಕೆ ಸರಿಸಿದ. ‘ಇಬ್ರಿಗೂ ಗೊತ್ತಿರೋ ಸುಳ್ಳಾದ್ರೆ ಅದು ಆಟ, ಅದಕ್ಕೇ ಹ್ಞೂಂ ಅಂದಿದ್ದೆ. ಅವನು ನಿಜವಾಗ್ಲೂ ನನ್ನನ್ನ ಅಂಥವನು ಅಂದ್ಕೊಂಡಿದ್ರೆ ಆ ಮಾತು ನನ್ನ ಬಾಯಲ್ಲಿ ಬರಲ್ಲಮ್ಮಾ’ ಅಂದು ಎದ್ದು ಹೋದ. ಟೀ ಹಾಗೇ ಇದೆ. ಅವನು ಬರುವುದಿಲ್ಲ. ಬೇಕಿದ್ದರೆ ನೀನೇ ಹೋಗಿ ಕರೆಯಬೇಕು. ಗೋದಾಮಿನ ಹಿಂದಿನ ಬೀದಿ, ಹಸಿರು ಬಾಗಿಲು.

ನಾನು ಮರೆತಿರಲಿಲ್ಲ. ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ಪತ್ರಿಕೆಯವನೊಬ್ಬ ನಿನ್ನನ್ನು ಕೇಳುತ್ತಿದ್ದ, ಆ ಪದ್ಯಗಳನ್ನೆಲ್ಲ ಯಾರು ಕಟ್ಟೋದು ಅಂತ. ‘ನಾನೇ’ ಅಂದೆ ನೀನು. ‘ಹಾಗಾದ್ರೆ ನಿಮ್ಮ ಮನೆಯವರು?’ ಅಂದ ಅವನು. ‘ಅವಳಾ? ಅವಳು ಬರೀ ಮೈಕು ಕಣ್ರೀ. ನಾನು ಹೇಳಿದ್ದನ್ನ ಜೋರಾಗಿ ಹೇಳ್ತಾಳೆ’ ಅಂದೆ. ಎಲ್ಲರೂ ನಕ್ಕರು. ನಾನು ಕೈ ತೆಗೆದು ವಾಪಸ್ಸು ಬಂದೆ. ನಾಲ್ಕು ಜನದೆದುರು ಒಂದು ಸಲ ಮೂತಿ ಅಡಿಯಾಗಿ ಬೀಳಲಿ ಅಂದುಕೊಂಡೆ. ಅಷ್ಟೇ ಅಂದುಕೊಂಡೆ. ಕತ್ತಿನ ಯೋಚನೆ ಬರಲಿಲ್ಲ ಅಂತ ಬರೆಯಬೇಕೆಂದಿದ್ದೆ. ಬಂದಿತ್ತು. ನೀನು ಹಗ್ಗಕ್ಕೆ ಬೆನ್ನು ಕೊಟ್ಟಾಗಲೂ ಹೊತ್ತು ಮೀರಿರಲಿಲ್ಲ, ನಿಲ್ಲು ಅಂತ ಒಂದು ಮಾತು ಕೂಗಿದ್ದರೆ ಸಾಕಿತ್ತು. ನಾನು ಗಡಿಯಾರ ನೋಡಿ, ಹತ್ತು ನಿಮಿಷ ಅಂತ ಕೂಗಿದೆ, ಅಷ್ಟೆ.